ಹಿತ್ತಲಿಗೆ ನೀರು: ಪೈಪು ಕೊಳ್ಳುವ ಮುನ್ನ

ಮನೆಯಂಗಳದ ಕೈತೋಟವನ್ನು ಕುರಿತು ನಮ್ಮ ಸ್ಟುಡಿಯೋದಲ್ಲಿ ನಡೆದ ಮಾತುಕತೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅರ್ಧ ಗಂಟೆಯ ಕಾರ್ಯಕ್ರಮವೆಂದರೆ ಆರಂಭ, ಮುಕ್ತಾಯಗಳನ್ನು ಕಳೆದು ಕೈಗೆ ಸಿಗುವುದು ಇಪ್ಪತ್ತೈದು ಇಪ್ಪತ್ತಾರು ನಿಮಿಷ. ಮಣ್ಣು, ಗೊಬ್ಬರ, ಕುಂಡ, ಕೀಟ ಎಂದು ಮಾತು ಸಾಗುತ್ತಿದ್ದಾಗ ವೀಕ್ಷಕರೊಬ್ಬರು ಫೋನಿನಲ್ಲಿ ಕೇಳಿದರು: "ಗಿಡಗಳಿಗೆ ನೀರು ಬಿಡೋದಕ್ಕೆ ಯಾವ ಪೈಪು ಒಳ್ಳೇದು ಸಾರ್?" ಅತಿಥಿಗಳು ಉತ್ತರ ಆರಂಭಿಸಿದ್ದರು. ಗಡಿಯಾರದ ಕಡೆ ನೋಡುತ್ತಿದ್ದ ನಾನು, ಮುಂದಿನ ಪ್ರಶ್ನೆಗೆ ಹೋಗುವಂತೆ ನಿರೂಪಕಿಗೆ ಸೂಚನೆ ಕೊಟ್ಟೆ. "ಅಂಗಡಿಯವರನ್ನು ಕೇಳಿ, ಗಟ್ಟಿಯಾದದ್ದು ತೊಗೊಳ್ಳಿ" ಎಂಬಲ್ಲಿಗೆ ಆ ವಿಷಯ ಮುಗಿಯಿತು.

ಪೈಪಿನಲ್ಲಿ ಹೇಳುವಂಥದ್ದೇನಿದೆ ಎಂಬುದು ಅಂದಿನ ನನ್ನ ಭಾವನೆ. ಆಮೇಲೆ ನಮ್ಮ ಮನೆಯಲ್ಲೇ ನಡೆದ ಎರಡು ಪ್ರಸಂಗಗಳು ಆ ಭಾವನೆಯನ್ನು ಅಳಿಸಿದವು. ಒಂದು, ಮೈಸೂರಿನಲ್ಲಿರುವ ನನ್ನ ತಾಯಿಯ ಹಿತ್ತಲಿನದು. ಇನ್ನೊಂದು, ಬೆಂಗಳೂರಿನ ನಮ್ಮ ಅಡುಗೆಮನೆಯದು. ಎರಡನೆಯದು ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೂ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತಿತ್ತು. ಅಂದು ಕತ್ತರಿಸಿದ ಉತ್ತರವನ್ನು ಈ ಪುಟಗಳಲ್ಲಿ ಪೂರ್ತಿ ಮಾಡುವುದು ನ್ಯಾಯವೆನಿಸಿತು.

ಬಿಚ್ಚಿಕೊಳ್ಳದ ಪೈಪು

ನನ್ನ ತಾಯಿಗೆ ಈಗ ಎಪ್ಪತ್ತೆರಡು. ಒಂದೇ ಅಂತಸ್ತಿನ ಹಳೆಯ ಮನೆ, ಹಿಂದುಗಡೆ ಉದ್ದನೆಯ ಹಿತ್ತಲು. ಕರಿಬೇವು, ನಿಂಬೆ, ಎರಡು ಬಾಳೆ, ಕೊನೆಯ ಮೂಲೆಯಲ್ಲಿ ಒಂದು ಮಲ್ಲಿಗೆ ಬಳ್ಳಿ. ನಲ್ಲಿ ಇರುವುದು ಮನೆಯ ಗೋಡೆಯಲ್ಲಿ. ಹಳೆಯ ಪೈಪು ತುಂಬ ಭಾರವೆಂದು ಅವರು ಹೇಳಿದಾಗ, ನೀರು ತುಂಬಿದೊಡನೆ ಮೂರು ಪಟ್ಟು ಉದ್ದವಾಗಿ, ನೀರು ನಿಲ್ಲಿಸಿದರೆ ಮತ್ತೆ ಮುದುಡಿಕೊಳ್ಳುವ ಹೊಸ ಬಗೆಯ ಪೈಪೊಂದನ್ನು ಜಾಹೀರಾತು ನೋಡಿ ತರಿಸಿ ಕಳಿಸಿದೆ. ತುದಿಗೆ ಪಿಸ್ತೂಲಿನಂಥ ನಳಿಕೆ ಬೇರೆ. ಎರಡು ದಿನ ಬಿಟ್ಟು ಫೋನು ಬಂತು. "ಏನೋ ಇದು, ನೀನು ಕಳಿಸಿದ್ದು ಪೈಪೋ ಪಡವಲಕಾಯೋ? ನಲ್ಲಿ ಬಿಟ್ಟರೂ ಅಲ್ಲೇ ಬಿದ್ದಿದೆ ಕಣೋ. ತುದಿಯಲ್ಲಿ ತೊಟ್ಟಿಕ್ಕತ್ತೆ, ಅಷ್ಟೇ."

ವಿಜ್ಞಾನ ಓದಿದವನೆಂದು ಹೇಳಿಕೊಳ್ಳುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಪೈಪಿನಲ್ಲಿ ದೋಷವಿರಲಿಲ್ಲ. ಅದು ಆ ಮನೆಯ ನೀರಿಗೆ ಹೊಂದುವ ಪೈಪಾಗಿರಲಿಲ್ಲ.

ನಮ್ಮ ಊರುಗಳ ಹೆಚ್ಚಿನ ಮನೆಗಳಲ್ಲಿ ಹಿತ್ತಲಿನ ನಲ್ಲಿಗೆ ನೀರು ಬರುವುದು ತಾರಸಿಯ ಮೇಲಿನ ಟ್ಯಾಂಕಿನಿಂದ. ಆ ನೀರಿನ ಒತ್ತಡವನ್ನು ನಿರ್ಧರಿಸುವುದು ಟ್ಯಾಂಕಿನ ಎತ್ತರ ಮಾತ್ರ. ಸಾವಿರ ಲೀಟರಿನ ಟ್ಯಾಂಕಿಗಿಂತ ಎರಡು ಸಾವಿರ ಲೀಟರಿನದು ಹೆಚ್ಚು ರಭಸ ಕೊಡುತ್ತದೆಂಬ ನಂಬಿಕೆ ಹಲವರಲ್ಲಿದೆ, ಅದು ಸರಿಯಲ್ಲ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಸಿಗುತ್ತದೆ. ನನ್ನ ತಾಯಿಯ ಮನೆಯಲ್ಲಿ ಆ ಎತ್ತರ ಸುಮಾರು 4 ಮೀಟರ್. ಅಂದರೆ ಒತ್ತಡ 0.4 ಕಿಲೋ. ಹಿಗ್ಗುವ ಪೈಪಿನೊಳಗಿನ ರಬ್ಬರ್ ನಾಳ ಪೂರ್ತಿ ಚಾಚಿಕೊಳ್ಳಲು ಸಾಮಾನ್ಯವಾಗಿ 2ರಿಂದ 3 ಕಿಲೋ ಒತ್ತಡ ಬೇಕು. ಪಿಸ್ತೂಲಿನಂಥ ನಳಿಕೆಗಳೂ ಹಾಗೆಯೇ. ಬೀದಿಯ ಕೊಳವೆಯಲ್ಲೇ ಹಗಲಿರುಳು ಬಿಗಿ ಒತ್ತಡದ ನೀರು ಹರಿಯುವ ಊರುಗಳಿಗೆಂದು ಮಾಡಿದ ಸಾಮಾನು ಅದು. ಮನೆಯಲ್ಲಿ ಒತ್ತಡ ಹೆಚ್ಚಿಸುವ ಪಂಪು ಇದ್ದರೆ ಅದು ಕೆಲಸ ಮಾಡೀತು. ಇಲ್ಲದಿದ್ದರೆ ಪಡವಲಕಾಯಿಯೇ.

ಆದ್ದರಿಂದ ಮೊದಲ ಪ್ರಶ್ನೆ ಯಾವ ಪೈಪು ಎಂಬುದಲ್ಲ, ನಮ್ಮ ನಲ್ಲಿಗೆ ನೀರು ಎಲ್ಲಿಂದ, ಎಷ್ಟು ಎತ್ತರದಿಂದ ಬರುತ್ತದೆ ಎಂಬುದು.

ಬಕೆಟ್ಟಿನ ಲೆಕ್ಕ

ಮುಂದಿನ ಭಾನುವಾರ ನಾನೇ ಮೈಸೂರಿಗೆ ಹೋದೆ. ಅಕ್ಕಪಕ್ಕದ ಮನೆಗಳಿಂದ ಮೂರು ಬಗೆಯ ಪೈಪು ಕೇಳಿ ತಂದು, 15 ಲೀಟರಿನ ಬಕೆಟ್ಟು ಇಟ್ಟು, ಕೈಗಡಿಯಾರ ಹಿಡಿದು ಕುಳಿತೆ. ಇದನ್ನು ನೀವೂ ಮಾಡಬಹುದು. ಹತ್ತು ನಿಮಿಷದ ಕೆಲಸ.

ಪೈಪಿಲ್ಲದೆ ಬರಿಯ ನಲ್ಲಿಯಿಂದ ಬಕೆಟ್ಟು ತುಂಬಲು 50 ಸೆಕೆಂಡು ಬೇಕಾಯಿತು. ಅದೇ ನಲ್ಲಿಗೆ ಅರ್ಧ ಇಂಚಿನ, 30 ಮೀಟರ್ ಉದ್ದದ ಪೈಪು ಸಿಕ್ಕಿಸಿದಾಗ ಎರಡು ನಿಮಿಷಕ್ಕೂ ಸ್ವಲ್ಪ ಹೆಚ್ಚು. ಅಷ್ಟೇ ಉದ್ದದ ಮುಕ್ಕಾಲು ಇಂಚಿನ ಪೈಪಿನಲ್ಲಿ 64 ಸೆಕೆಂಡು. ಒಂದು ಇಂಚಿನದರಲ್ಲಿ 54 ಸೆಕೆಂಡು.

ಅರ್ಧ ಇಂಚಿನಿಂದ ಮುಕ್ಕಾಲಿಗೆ ಬಂದರೆ ಸಮಯ ಅರ್ಧದಷ್ಟು ಉಳಿಯಿತು. ಮುಕ್ಕಾಲಿನಿಂದ ಒಂದಕ್ಕೆ ಹೋದರೆ ಉಳಿದದ್ದು ಬರೀ ಹತ್ತು ಸೆಕೆಂಡು. ಹೀಗೇಕೆ?

ಪೈಪಿನೊಳಗೆ ಹರಿಯುವ ನೀರು ಉದ್ದಕ್ಕೂ ಅದರ ಗೋಡೆಗೆ ಉಜ್ಜಿಕೊಂಡು ತನ್ನ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಕಳೆದುಕೊಳ್ಳುತ್ತದೆ. ಬಾಯಿ ಕಿರಿದಾದಷ್ಟೂ ಈ ನಷ್ಟ ಬಹಳ ಬೇಗ ಏರುತ್ತದೆ. ಮುಕ್ಕಾಲು ಇಂಚಿನ ಪೈಪಿನ ಬಾಯಿಯ ವಿಸ್ತೀರ್ಣ ಅರ್ಧ ಇಂಚಿನದಕ್ಕಿಂತ ಎರಡೂಕಾಲು ಪಟ್ಟು. ಆದರೆ ಎರಡೂ ತುದಿಗಳ ಒತ್ತಡ ಅಷ್ಟೇ ಇದ್ದಾಗ ಅದರಲ್ಲಿ ಹರಿಯಬಲ್ಲ ನೀರು ಎರಡೂಮುಕ್ಕಾಲು ಪಟ್ಟಿನಷ್ಟು. ಇನ್ನು ಉದ್ದ ಎರಡು ಪಟ್ಟಾದರೆ, ಉಳಿದದ್ದೆಲ್ಲ ಹಾಗೆಯೇ ಇದ್ದಾಗ, ಹರಿವು ನೂರಕ್ಕೆ ಎಪ್ಪತ್ತರಷ್ಟಕ್ಕೆ ಇಳಿಯುತ್ತದೆ.

"ನಮ್ಮ ನಲ್ಲಿಯೇ ಅರ್ಧ ಇಂಚಿನದು, ಅದಕ್ಕೆ ದಪ್ಪ ಪೈಪು ಹಾಕಿ ಏನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ನಲ್ಲಿಯ ಕಿರಿದು ನಾಲ್ಕು ಬೆರಳಿನಷ್ಟು ಉದ್ದ. ಪೈಪಿನ ಕಿರಿದು ಮೂವತ್ತು ಮೀಟರ್. ಇಕ್ಕಟ್ಟಾದ ಬಾಗಿಲನ್ನು ದಾಟುವುದಕ್ಕೂ ಇಕ್ಕಟ್ಟಾದ ಓಣಿಯಲ್ಲಿ ಒಂದು ಫರ್ಲಾಂಗು ನಡೆಯುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ಆದ್ದರಿಂದ ಪ್ರಯೋಜನವುಂಟು. ಆದರೆ ಒಂದು ಮಿತಿಯಲ್ಲಿ. ಪೈಪು ಸಾಕಷ್ಟು ಅಗಲವಾದ ಮೇಲೆ ಉಳಿಯುವ ತಡೆಯೆಲ್ಲ ನಲ್ಲಿಯದು ಮತ್ತು ಗೋಡೆಯೊಳಗಿನ ಕೊಳವೆಯದು. ಅಲ್ಲಿಂದ ಮುಂದೆ ಎಷ್ಟು ದಪ್ಪ ಪೈಪು ತಂದರೂ ಬರಿಯ ನಲ್ಲಿಗಿಂತ ಹೆಚ್ಚು ನೀರು ಬರಲಾರದು.

ಇದೇ ಸಂದರ್ಭದಲ್ಲಿ ಹೆಬ್ಬೆರಳಿನ ಮಾತನ್ನೂ ಹೇಳಿಬಿಡುತ್ತೇನೆ. ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ದೂರಕ್ಕೆ ಚಿಮ್ಮುತ್ತದೆ. ಹಾಗಾದರೆ ಕಿರಿದಾದ ಪೈಪಿನಲ್ಲಿ ರಭಸ ಹೆಚ್ಚೆಂದು ತೋರುವುದು ಸಹಜ. ವಾಸ್ತವ ಬೇರೆ. ತುದಿಯನ್ನು ಮುಚ್ಚಿದಾಗ ಪೈಪಿನಲ್ಲಿ ಹರಿಯುವ ನೀರು ಕಡಿಮೆಯಾಗುತ್ತದೆ. ಹರಿವು ಕಡಿಮೆಯಾದಾಗ ಉಜ್ಜಾಟದ ನಷ್ಟವೂ ಕಡಿಮೆಯಾಗಿ, ಟ್ಯಾಂಕಿನ ಒತ್ತಡದ ಹೆಚ್ಚಿನ ಪಾಲು ತುದಿಯವರೆಗೂ ಬಂದು ತಲುಪುತ್ತದೆ. ಪೈಪು ಅಗಲವಾಗಿದ್ದು ತುದಿ ಮಾತ್ರ ಕಿರಿದಾಗಿದ್ದರೆ ನೀರು ದೂರ ಹೋಗುತ್ತದೆ. ಪೈಪೇ ಕಿರಿದಾಗಿದ್ದರೆ ಒತ್ತಡ ದಾರಿಯಲ್ಲೇ ಮುಗಿದುಹೋಗುತ್ತದೆ.

ಭಾರದ ಲೆಕ್ಕ

ಬಕೆಟ್ಟಿನ ಲೆಕ್ಕ ಮುಗಿಸಿ ಒಂದು ಇಂಚಿನ ಪೈಪೇ ಚೆನ್ನ ಎಂದು ನಾನು ಹೇಳುವುದರಲ್ಲಿದ್ದೆ. ತಾಯಿ ಪೈಪಿನ ತುದಿ ಹಿಡಿದು ಎರಡು ಹೆಜ್ಜೆ ಎಳೆದು, "ಇದನ್ನ ಎಳೆಯೋದು ನೀನೋ ನಾನೋ?" ಎಂದರು.

ಅಂಗಡಿಯಲ್ಲಿ ಪೈಪು ಹಗುರವಾಗಿ ಕಾಣುತ್ತದೆ, ಅದರಲ್ಲಿ ನೀರಿರುವುದಿಲ್ಲ. 30 ಮೀಟರ್ ಉದ್ದದ ಅರ್ಧ ಇಂಚಿನ ಪೈಪಿನೊಳಗೆ ಸುಮಾರು ಮೂರೂಮುಕ್ಕಾಲು ಕಿಲೋ ನೀರು ನಿಲ್ಲುತ್ತದೆ. ಮುಕ್ಕಾಲು ಇಂಚಿನದರಲ್ಲಿ ಎಂಟೂವರೆ ಕಿಲೋ. ಒಂದು ಇಂಚಿನದರಲ್ಲಿ ಹದಿನೈದು ಕಿಲೋ. ಇದು ನೀರಿನ ತೂಕ ಮಾತ್ರ; ಪೈಪಿನದು ಬೇರೆ. ನೆಲಕ್ಕೆ ಉಜ್ಜಿಕೊಂಡು, ಗಿಡದ ಬುಡಕ್ಕೆ ಸಿಕ್ಕಿಕೊಂಡು ಬರುವ ಈ ಭಾರವನ್ನು ದಿನವೂ ಎಳೆಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ವಯಸ್ಸಾದವರು ಅಥವಾ ಹೆಂಗಸರು. ಕೊಳ್ಳುವವರು ಮಾತ್ರ ಬೇರೆ.

ಆಗಲೇ ನನಗೆ ಇನ್ನೊಂದು ವಿಷಯ ತಿಳಿದದ್ದು. ಕೊನೆಯ ಮೂಲೆಯ ಮಲ್ಲಿಗೆ ಬಳ್ಳಿ ಒಣಗಿ ಬರಿಯ ಕಡ್ಡಿಯಾಗಿತ್ತು. ಮೊದಲು ಕೇಳಿದಾಗ "ಗೆದ್ದಲು ಹಿಡೀತು" ಎಂದಿದ್ದರು. ಗೆದ್ದಲಲ್ಲ. ಹಳೆಯ ಪೈಪನ್ನು ಅಷ್ಟು ದೂರ ಎಳೆಯಲು ಅವರ ಮಂಡಿ, ಸೊಂಟಗಳಿಗೆ ಆಗುತ್ತಿರಲಿಲ್ಲ. ಹೇಳಿದರೆ ಮಗ "ಗಿಡಗಿಡ ಎಂದು ಯಾಕೆ ಒದ್ದಾಡುತ್ತೀರಿ, ಬಿಟ್ಟುಬಿಡಿ" ಎಂದಾನೆಂದು ಸುಮ್ಮನಿದ್ದರು. ನಾನು ಹಾಗೆ ಹೇಳುತ್ತಿದ್ದೆನೇನೋ!

ಆದ್ದರಿಂದ ಎರಡನೆಯ ಪ್ರಶ್ನೆ: ಎಳೆಯುವವರು ಯಾರು? ನಲ್ಲಿಯಿಂದ ಅತಿ ದೂರದ ಗಿಡದವರೆಗೆ ಹಗ್ಗ ಹಿಡಿದು ಅಳೆಯಿರಿ. ದಾರಿಯ ತಿರುವುಗಳಿಗೆಂದು ಒಂದೆರಡು ಮೀಟರ್ ಸೇರಿಸಿ. ಅಷ್ಟೇ ಸಾಕು. ಬೇಕಾಗಬಹುದು ಎಂದು ಇಡೀ ಸುರುಳಿ ತರುವುದರಿಂದ ಹಣವೂ ಹೆಚ್ಚು, ಭಾರವೂ ಹೆಚ್ಚು, ನೀರೂ ನಿಧಾನ. ಬಾಲ್ಕನಿಯ ಹತ್ತು ಹದಿನೈದು ಕುಂಡಗಳಿಗೆ 10 ಮೀಟರಿನೊಳಗಿನ ಅರ್ಧ ಇಂಚಿನ ಪೈಪು ಧಾರಾಳವಾಯಿತು. ಟ್ಯಾಂಕಿನ ನೀರಿನ ಹಿತ್ತಲಿಗೆ, 15ರಿಂದ 20 ಮೀಟರಿನವರೆಗೆ, ಮುಕ್ಕಾಲು ಇಂಚು ಹದವಾದದ್ದು. ಒಂದು ಇಂಚಿನದು ತೋಟದ ಪಂಪಿಗೆ ಸರಿ. ಮನೆಯಂಗಳಕ್ಕೆ ಸಾಮಾನ್ಯವಾಗಿ ಬೇಕಿಲ್ಲ.

ಪೈಪಿನ ಮೈ

ಇನ್ನು ಪೈಪು ಯಾವುದರಿಂದ ಮಾಡಿದ್ದು ಎಂಬ ವಿಚಾರ. ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದಲ್ಲಿ ಚರ್ಮದ ಬಾನಿಗೆ ಬಾಲದಂತೆ ಚರ್ಮದ ಕೊಳವೆಯೊಂದು ಇರುತ್ತಿದ್ದುದನ್ನು ಹಿರಿಯರು ಬಲ್ಲರು. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಯಾನ್ ವಾನ್ ಡರ್ ಹೈಡನ್ ಎಂಬ ಚಿತ್ರಕಾರ 1670ರ ದಶಕದಲ್ಲಿ ಬೆಂಕಿ ಆರಿಸಲೆಂದು ಬಳಸಿದ್ದೂ ಚರ್ಮದ ಕೊಳವೆಯೇ. ಆಮೇಲೆ ರಬ್ಬರು ಬಂತು. ನಾವು ಇಂದು ಅಂಗಡಿಯಲ್ಲಿ ನೋಡುವ ಹಸಿರು, ನೀಲಿ ಪೈಪುಗಳ ಮೂಲ ಮಾತ್ರ 1926ರದು. ಅಮೆರಿಕದ ವಾಲ್ಡೋ ಸೆಮನ್ ಎಂಬ ರಸಾಯನ ವಿಜ್ಞಾನಿ ಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ದಾರಿ ಕಂಡುಕೊಂಡ ವರ್ಷ.

ಪಿವಿಸಿ ಹುಟ್ಟಾ ಮೃದುವಲ್ಲ. ಗೋಡೆಯ ಮೇಲೆ ಓಡುವ ಗಟ್ಟಿ ಕೊಳವೆಯೂ ಪಿವಿಸಿಯೇ. ಅದಕ್ಕೆ ಎಣ್ಣೆಯಂಥ ಮೃದುಕಾರಿ ದ್ರವ್ಯಗಳನ್ನು ಬೆರೆಸಿದಾಗ ಅದು ಬಾಗುವ ಪೈಪಾಗುತ್ತದೆ. ಬಿಸಿಲು, ಕಾವು, ಕಾಲ ಇವು ಆ ದ್ರವ್ಯವನ್ನು ಮೆಲ್ಲನೆ ಹೊರಗೆಳೆಯುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕನ್ನೂ ಒಡೆಯುತ್ತವೆ. ಎರಡು ಬೇಸಿಗೆ ಅಂಗಳದಲ್ಲಿ ಬಿದ್ದ ಪೈಪು ಒಣ ಬಳ್ಳಿಯಂತೆ ಬಿರುಕು ಬಿಡುವುದು ಇದರಿಂದಲೇ. ನೆರಳಿನಲ್ಲಿ ಸುತ್ತಿಟ್ಟರೆ ಅದೇ ಪೈಪಿಗೆ ಆಯುಸ್ಸು ಹೆಚ್ಚು.

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಒಂದೇ ಪದರದ ಸಾದಾ ಪೈಪು: ಅಗ್ಗ, ಹಗುರ, ಆದರೆ ತಿರುವಿನಲ್ಲಿ ಮಡಚಿಕೊಂಡು ನೀರು ನಿಲ್ಲಿಸುತ್ತದೆ, ಪಂಪಿನ ಒತ್ತಡಕ್ಕೆ ಉಬ್ಬುತ್ತದೆ. ಎರಡು ಪದರಗಳ ನಡುವೆ ನೂಲಿನ ಹೆಣಿಗೆಯಿರುವ ಪೈಪು: ಇದನ್ನು ಅಂಗಡಿಯವರು ಬ್ರೇಡೆಡ್ ಎನ್ನುತ್ತಾರೆ, ಉಬ್ಬುವುದಿಲ್ಲ, ಬೇಗ ಮಡಚಿಕೊಳ್ಳುವುದಿಲ್ಲ. ಮೂರನೆಯದು ರಬ್ಬರಿನ ಪೈಪು: ಬಾಳಿಕೆ ಹೆಚ್ಚು, ಬೆಲೆಯೂ ತೂಕವೂ ಹೆಚ್ಚು.

ಟ್ಯಾಂಕಿನ ನೀರು ಮಾತ್ರವಾದರೆ ಪೈಪು ಒಡೆಯುವ ಭಯವಿಲ್ಲ. ಅಲ್ಲಿ ನೋಡಬೇಕಾದದ್ದು ಮಡಚಿಕೊಳ್ಳುತ್ತದೆಯೇ ಎಂಬುದು. ಪಂಪಿನಿಂದ ನೇರವಾಗಿ ನೀರು ಬಿಡುವವರು ಹೆಣಿಗೆಯದನ್ನೇ ಕೊಳ್ಳಬೇಕು. ಅದರಲ್ಲೂ ಒಂದು ಸೂಕ್ಷ್ಮವಿದೆ. ಒಂದೇ ಒತ್ತಡದಲ್ಲಿ, ಅಗಲವಾದ ಪೈಪಿನ ಗೋಡೆಯ ಮೇಲೆ ಬೀಳುವ ಸೆಳೆತ ಹೆಚ್ಚು. ಅರ್ಧ ಇಂಚಿನ ಪೈಪಿಗೆ ಸಾಕಾದ ದಪ್ಪ ಮುಕ್ಕಾಲು ಇಂಚಿನದಕ್ಕೆ ಸಾಲದು. ಅದು ಒಂದೂವರೆ ಪಟ್ಟು ಇರಬೇಕು. ಬಾಯಿ ದೊಡ್ಡದು, ಬೆಲೆ ಅಷ್ಟೇ ಎಂದು ಅಂಗಡಿಯವರು ಹೇಳಿದರೆ ಗೋಡೆಯ ದಪ್ಪವನ್ನು ನೋಡಿಯೇ ನಂಬಿ.

ನೋಡುವುದು ಕಷ್ಟವಲ್ಲ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿಯಿರಿ. ದಪ್ಪ ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ತೆಳುವಾಗಿದ್ದರೆ ಒಡೆಯುವುದು ಅಲ್ಲಿಯೇ. ಒಂದು ತುಂಡನ್ನು ಬಳೆಯಂತೆ ಬಾಗಿಸಿ, ಬಳೆಯನ್ನು ಮೆಲ್ಲನೆ ಚಿಕ್ಕದು ಮಾಡಿ. ಯಾವುದು ಕೊನೆಯವರೆಗೂ ಮಡಚಿಕೊಳ್ಳದೆ ದುಂಡಗೇ ಇರುತ್ತದೋ ಅದು ಉತ್ತಮ. ಮೂಸಿ ನೋಡಿ; ಕಟುವಾದ ವಾಸನೆ ಹೊಡೆಯುವ ಪೈಪು ಕಂಡಕಂಡ ಹಳೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಮಾಡಿದ್ದಿರಬಹುದು. ಪಾರದರ್ಶಕ ಪೈಪು ಕಣ್ಣಿಗೆ ಚೆಂದ. ಆದರೆ ಬೆಳಕು ಒಳಗೆ ಹೋಗುವುದರಿಂದ ಪಾಚಿ ಕಟ್ಟುತ್ತದೆ. ಬೆಳಕು ಹಾಯದ ಗಾಢ ಬಣ್ಣದ್ದು ಮೇಲು.

ಪೈಪನ್ನು ನಲ್ಲಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದು ನಮ್ಮಲ್ಲಿ ರೂಢಿ. ತಾತ್ಕಾಲಿಕಕ್ಕೆ ಅಡ್ಡಿಯಿಲ್ಲ. ಸ್ಕ್ರೂ ಇರುವ ಕ್ಲಿಪ್ಪು, ಒಳಗೊಂದು ರಬ್ಬರ್ ವಾಷರು ಹಾಕಿದರೆ ಸೋರುವುದು ನಿಲ್ಲುತ್ತದೆ. ನಲ್ಲಿಯ ಕೆಳಗೆ ಹೀಗೆ ಸೋರಿ ನಿಂತ ತಿಳಿನೀರು ಡೆಂಗಿ ಹರಡುವ ಸೊಳ್ಳೆಗೆ ತವರುಮನೆ ಎಂಬುದನ್ನೂ ಮರೆಯಬಾರದು.

ತೋಟದ ಪೈಪಿನ ನೀರು ಕುಡಿಯಲು ಅಲ್ಲ. ಬಿಸಿಲಿನಲ್ಲಿ ಪೈಪಿನೊಳಗೆ ನಿಂತ ನೀರಿಗೆ ಮೃದುಕಾರಿ ದ್ರವ್ಯಗಳು ಇಳಿದಿರುತ್ತವೆ. ಆ ನೀರು ಮಕ್ಕಳ ಮೈ ಸುಡುವಷ್ಟು ಕಾದಿರುವುದೂ ಉಂಟು. ಮೊದಲು ಬರುವ ನೀರನ್ನು ಮಣ್ಣಿಗೆ ಬಿಟ್ಟು ಆಮೇಲೆ ಗಿಡಕ್ಕೆ ತಿರುಗಿಸಿ. ಎಳೆಯ ಸಸಿಗಳಿಗೂ ಆ ಬಿಸಿ ಹಿತವಲ್ಲ.

ಅಡುಗೆಮನೆಗೆ ಬಂದ ಜೀವಾಮೃತ

ಈಗ ಎರಡನೆಯ ಪ್ರಸಂಗ. ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ನಾಲ್ಕಾರು ಕುಂಡಗಳಿವೆ. ಒಂದು ಭಾನುವಾರ ಡ್ರಮ್ಮಿನಲ್ಲಿದ್ದ ಜೀವಾಮೃತಕ್ಕೆ ನೀರು ಬೆರೆಸಲೆಂದು ತಾರಸಿಯ ನಲ್ಲಿಗೆ ಪೈಪು ಸಿಕ್ಕಿಸಿ, ಅದರ ತುದಿಯನ್ನು ಡ್ರಮ್ಮಿನೊಳಗೆ ಇಳಿಬಿಟ್ಟಿದ್ದೆ. ಸಗಣಿ, ಗಂಜಲ, ಬೆಲ್ಲ, ಬೇಳೆಹಿಟ್ಟು, ಒಂದು ಹಿಡಿ ಮಣ್ಣು ಸೇರಿಸಿ ಕೊಳೆಸಿದ ಗೊಬ್ಬರದ ನೀರು ಅದು. ಅಷ್ಟರಲ್ಲಿ ಟ್ಯಾಂಕು ತೊಳೆಯುವವರು ಬಂದು, ಟ್ಯಾಂಕಿನ ಕೆಳಗಿನ ವಾಲ್ವು ತಿರುಗಿಸಿ ಮುಚ್ಚಿದರು. ಪೈಪಿನ ನೀರು ನಿಂತಿತು. ನಲ್ಲಿ ಮುಚ್ಚಬೇಕೆಂದು ನನಗೆ ನೆನಪಾಗಲಿಲ್ಲ.

ಹತ್ತು ನಿಮಿಷದ ಮೇಲೆ ಕೆಳಗೆ ಅಡುಗೆಮನೆಯಲ್ಲಿ ನನ್ನ ಪತ್ನಿ ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದರು. ಮೊದಲು ತಿಳಿನೀರು ಬಂತು. ಆಮೇಲೆ ಕಂದು ಬಣ್ಣ. ಆಮೇಲೆ ವಾಸನೆ.

ನಡೆದದ್ದು ಶಾಲೆಯಲ್ಲಿ ಓದಿದ ಸೈಫನ್ ತತ್ತ್ವ. ನೀರು ತುಂಬಿದ ಕೊಳವೆಯ ಒಂದು ತುದಿ ಮೇಲಿನ ಪಾತ್ರೆಯ ನೀರಿನಲ್ಲಿ ಮುಳುಗಿದ್ದು, ಇನ್ನೊಂದು ತುದಿ ಕೆಳಗೆ ತೆರೆದುಕೊಂಡರೆ, ನಡುವೆ ಸ್ವಲ್ಪ ಏರು ಇದ್ದರೂ ನೀರು ಏರಿ ಇಳಿದು ಬರುತ್ತದೆ. ಮೇಲೆ ವಾಲ್ವು ಮುಚ್ಚಿದ್ದರಿಂದ ಟ್ಯಾಂಕಿನ ಕಡೆಯಿಂದ ನೀರೂ ಬರುವಂತಿರಲಿಲ್ಲ, ಗಾಳಿಯೂ ಬರುವಂತಿರಲಿಲ್ಲ. ಅಡುಗೆಮನೆಯ ನಲ್ಲಿ ತೆರೆದಾಗ ಕೊಳವೆಯ ನೀರು ಕೆಳಗೆ ಜಾರಿ, ತನ್ನ ಹಿಂದೆ ಡ್ರಮ್ಮಿನ ನೀರನ್ನು ಪೈಪಿನ ಮೂಲಕ ಎಳೆದುಕೊಂಡಿತು. ಗಿಡಕ್ಕೆ ನೀರು ಕೊಡಬೇಕಾದ ಪೈಪು ಗಿಡದ ಗೊಬ್ಬರವನ್ನು ಅಡುಗೆಮನೆಗೆ ತಂದುಕೊಟ್ಟಿತ್ತು.

ಅಕ್ಕಿ ಚೆಲ್ಲಿ, ಕೊಳವೆಗಳನ್ನೆಲ್ಲ ಹಲವು ಬಾರಿ ತೊಳೆದೆವು. ಅಂದು ನಮ್ಮನ್ನು ಕಾಪಾಡಿದ್ದು ಜೀವಾಮೃತದ ಬಣ್ಣ ಮತ್ತು ವಾಸನೆ. ಡ್ರಮ್ಮಿನಲ್ಲಿದ್ದದ್ದು ಬಣ್ಣವಿಲ್ಲದ ಕೀಟನಾಶಕದ ನೀರಾಗಿದ್ದರೆ? ಅನ್ನ ಬೆಂದು, ಬಡಿಸಿ, ನಾವು ಉಂಡಿರುತ್ತಿದ್ದೆವು. ಆ ಮಾತು ನೆನೆದಾಗಲೆಲ್ಲ ಅಂದು ಸ್ಟುಡಿಯೋದಲ್ಲಿ ನಾನು ಉಳಿಸಿದ ಆ ಒಂದೆರಡು ನಿಮಿಷ ನೆನಪಿಗೆ ಬರುತ್ತದೆ.

ತಾರಸಿಯಿಲ್ಲದವರಿಗೂ ಇದು ಅನ್ವಯಿಸುತ್ತದೆ. ನಮ್ಮ ಬಹುತೇಕ ಊರುಗಳಲ್ಲಿ ಬೀದಿಯ ಕೊಳವೆಯಲ್ಲಿ ನೀರು ಸದಾ ಇರುವುದಿಲ್ಲ. ದಿನ ಬಿಟ್ಟು ದಿನ, ಕೆಲವೇ ಗಂಟೆ ಬರುತ್ತದೆ. ನೀರು ನಿಂತಾಗ ಇಳಿಜಾರಿನ ಕಡೆಗೆ ಕೊಳವೆ ಖಾಲಿಯಾಗುತ್ತ ಹಿಂದಕ್ಕೆ ಹೀರುತ್ತದೆ. ಆಗ ಬೀದಿಯ ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿ ಸಂಪಿನಲ್ಲೋ, ದನದ ಬಾನಿಯಲ್ಲೋ, ಚರಂಡಿಯ ಪಕ್ಕದ ಕೆಸರಿನಲ್ಲೋ ಮುಳುಗಿದ್ದರೆ, ಆ ನೀರು ಕೊಳವೆಯೊಳಗೆ ಹೋಗುತ್ತದೆ. ಮತ್ತೆ ನೀರು ಬಂದಾಗ ಅದು ನಮ್ಮ ಮನೆಗಷ್ಟೇ ಅಲ್ಲ, ಕೆಳಗಿನ ಮನೆಗೂ ಹೋಗುತ್ತದೆ.

ಪರಿಹಾರ ಸುಲಭ. ಪೈಪಿನ ತುದಿ ಯಾವ ಕಾರಣಕ್ಕೂ ನೀರಿನಲ್ಲಿ ಮುಳುಗಬಾರದು. ಡ್ರಮ್ಮಿನ ಅಂಚಿಗಿಂತ ಎರಡು ಮೂರು ಅಂಗುಲ ಮೇಲಿರುವಂತೆ ಕಟ್ಟಿರಿ. ನಡುವಿನ ಆ ಗಾಳಿಯೇ ಕಾವಲು. ಅದಕ್ಕೆ ಖರ್ಚಿಲ್ಲ, ಅದು ಕೆಡುವುದೂ ಇಲ್ಲ. ಕೆಲಸ ಮುಗಿದೊಡನೆ ನಲ್ಲಿ ಮುಚ್ಚಿ ಪೈಪನ್ನು ಕಳಚಿಡಿ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಹಾಕಿಸಿದರೆ ಒಳ್ಳೆಯದೇ. ಆದರೆ ಅದರ ಬಾಯಿಗೆ ಒಂದು ಕಸ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚದು. ಅಂಗುಲದ ಗಾಳಿಯನ್ನೇ ಹೆಚ್ಚು ನಂಬಿ. ಪಾತ್ರೆ, ಬಟ್ಟೆ ತೊಳೆದ ನೀರನ್ನು ಗಿಡಕ್ಕೆ ಬಿಡುವವರು ಅದಕ್ಕೆ ಬೇರೆಯೇ ಬಣ್ಣದ ಪೈಪು ಇಟ್ಟುಕೊಳ್ಳಬೇಕು. ಅದನ್ನು ಕುಡಿಯುವ ನೀರಿನ ನಲ್ಲಿಗೆ ಎಂದೂ ಸಿಕ್ಕಿಸಬಾರದು.

ಎಷ್ಟು ನೀರು?

ಒಳ್ಳೆಯ ಪೈಪಿನಿಂದ ಒಂದು ಅಪಾಯವೂ ಇದೆ: ನೀರು ಸುಲಭವಾಗಿ ಖರ್ಚಾಗುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ. 2024ರ ಮಾರ್ಚ್ ತಿಂಗಳಲ್ಲಿ ಅಭಾವ ತೀವ್ರವಾದಾಗ ಅಲ್ಲಿನ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. 2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ ಮತ್ತೆ ಬಂತು. ಬೇಸಿಗೆಯಲ್ಲಿ ಪೈಪು ಹಿಡಿಯುವ ಮೊದಲು ನಿಮ್ಮ ಊರಿನ ನಿಯಮ ತಿಳಿದುಕೊಳ್ಳುವುದು ಒಳ್ಳೆಯದು.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಬಿರುಬೇಸಿಗೆಯಲ್ಲಿ ನೆಲ, ಗಿಡಗಳಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆರಿಹೋಗುತ್ತದೆಂದು ಇಟ್ಟುಕೊಂಡರೆ, ಹತ್ತಡಿ ಉದ್ದ ಹತ್ತಡಿ ಅಗಲದ ಪಾತಿಗೆ ಬೇಕಾದದ್ದು 46 ಲೀಟರ್. ಬಕೆಟ್ಟಿನ ಲೆಕ್ಕದ ನಮ್ಮ ಮುಕ್ಕಾಲು ಇಂಚಿನ ಪೈಪು ನಿಮಿಷಕ್ಕೆ 14 ಲೀಟರ್ ಕೊಡುತ್ತದೆ. ಅಂದರೆ ಮೂರೂಕಾಲು ನಿಮಿಷ ಸಾಕು. ಪಕ್ಕದ ಮನೆಯವರ ಜೊತೆ ಮಾತನಾಡುತ್ತ ಇಪ್ಪತ್ತು ನಿಮಿಷ ಹಿಡಿದು ನಿಂತರೆ 280 ಲೀಟರ್ ಹೋಯಿತು. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದಲ್ಲಿ ಯೋಜನೆಗಳಿಗೆ ಹಿಡಿಯುವ ಅಳತೆ. ಅದು ಇಬ್ಬರ ಒಂದು ದಿನದ ನೀರು. ಬಕೆಟ್ಟು ತುಂಬುವ ಸೆಕೆಂಡು ಗೊತ್ತಿದ್ದರೆ ಪ್ರತಿ ಪಾತಿಗೆ ಎಷ್ಟು ಹೊತ್ತು ಎಂಬುದೂ ಗೊತ್ತಾಗುತ್ತದೆ.

ನಲ್ಲಿಯೇ ನಡೆದು ಬಂದಿತು

ಮೈಸೂರಿನ ಹಿತ್ತಲಿಗೆ ಕೊನೆಗೆ ಯಾವ ಪೈಪು ತಂದೆನೆಂದು ಹೇಳಬೇಕಷ್ಟೆ. ಅಳೆದಾಗ ಕೊನೆಯ ಮೂಲೆ ನಲ್ಲಿಯಿಂದ 18 ಮೀಟರ್ ದೂರವಿತ್ತು. ಮುಕ್ಕಾಲು ಇಂಚಿನದು, ಹೆಣಿಗೆಯದು, 20 ಮೀಟರ್ ಎಂದು ಚೀಟಿಯಲ್ಲಿ ಬರೆದುಕೊಂಡೆ. ಅಷ್ಟು ಹೊತ್ತೂ ನನ್ನ ಲೆಕ್ಕ ಕೇಳುತ್ತಿದ್ದ ಕೊಳಾಯಿ ಕೆಲಸದವರು, "ಅಮ್ಮಾವ್ರು ಪೈಪು ಎಳ್ಕೊಂಡು ಗಿಡದ ಹತ್ರ ಯಾಕೆ ಹೋಗ್ಬೇಕು ಸಾರ್? ನಲ್ಲೀನೇ ಅಲ್ಲಿಗೆ ತರೋಣ" ಎಂದರು.

ಅದೇ ಸರಿಯಾದ ಉತ್ತರವಾಗಿತ್ತು. ನೆಲದೊಳಗೆ ಹೂತ ಗಟ್ಟಿ ಕೊಳವೆಯನ್ನು ಯಾರೂ ಎಳೆಯಬೇಕಾಗಿಲ್ಲ. ಅದನ್ನು ಬೇಕಾದಷ್ಟು ಅಗಲವಾಗಿ ಹಾಕಬಹುದು. ಅದಕ್ಕೆ ಬಿಸಿಲೂ ತಾಗುವುದಿಲ್ಲ. ಒಂದು ಇಂಚಿನ ಕೊಳವೆಯನ್ನು ಒಂದೂವರೆ ಅಡಿ ಆಳದಲ್ಲಿ ಹಿತ್ತಲಿನ ನಡುವಿನವರೆಗೆ ಎಳೆದು, ಸೊಂಟದ ಎತ್ತರಕ್ಕೆ ಒಂದು ನಲ್ಲಿ ಕೂರಿಸಿದರು. ಬಾಗದೆ ತಿರುಗಿಸಲು ಅನುಕೂಲವಾಗಲೆಂದು ಹಿಡಿ ಉದ್ದವಿರುವ ನಲ್ಲಿ. ಈಗ ಎಲ್ಲ ಮೂಲೆಗೂ 10 ಮೀಟರಿನ ಪೈಪು ಸಾಕಾಗುತ್ತದೆ; ತುದಿಗೆ ದೊಡ್ಡ ತೂತುಗಳ ಸಾದಾ ಜರಡಿ. ಪೈಪಿನೊಳಗಿನ ನೀರಿನ ಭಾರ ಮೂರು ಕಿಲೋಗಿಂತ ಕಡಿಮೆ. ಸಾಲದುದಕ್ಕೆ, ನೀರೂ ಮೊದಲಿಗಿಂತ ಚುರುಕು.

ಮಲ್ಲಿಗೆ ಬಳ್ಳಿಯ ಬುಡದಲ್ಲಿ ಎರಡು ಚಿಗುರು ಒಡೆದಿವೆಯೆಂದು ಮೊನ್ನೆ ಫೋನಿನಲ್ಲಿ ಹೇಳಿದರು. ಹೂವಿಗೆ ಇನ್ನೂ ಕಾಯಬೇಕು.

ಅಂಗಡಿಗೆ ಹೊರಡುವ ಮುನ್ನ ನೀವು ಮಾಡಬೇಕಾದದ್ದು ನಾಲ್ಕೇ ಕೆಲಸ. ಟ್ಯಾಂಕಿನ ನೀರು ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆ ನೋಡಿ. ಬಕೆಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಣಿಸಿ. ಕೊನೆಯ ಗಿಡದವರೆಗೆ ಹಗ್ಗ ಹಿಡಿದು ಅಳೆಯಿರಿ. ಪೈಪನ್ನು ದಿನವೂ ಎಳೆಯುವವರು ಯಾರೋ ಅವರನ್ನು ಒಂದು ಮಾತು ಕೇಳಿ. ಪೈಪು ತಂದ ಮೇಲೆ ಮರೆಯದೆ ಪಾಲಿಸಬೇಕಾದದ್ದು ಒಂದೇ: ಅದರ ತುದಿ ನೀರಿನಲ್ಲಿ ಮುಳುಗಬಾರದು. ನಿಮ್ಮ ಮನೆಯ ಬಕೆಟ್ಟಿನ ಲೆಕ್ಕವನ್ನು ನಮಗೂ ಬರೆದು ತಿಳಿಸಿ. ಮುಂದಿನ ಸಲ ಕೈತೋಟದ ಕಾರ್ಯಕ್ರಮ ಮಾಡಿದಾಗ ಆ ಪ್ರಶ್ನೆಗೆ ಸಮಯ ಉಳಿಸಿಯೇ ಗಡಿಯಾರ ನೋಡುತ್ತೇನೆ.